ರಾಜಿ ಪತ್ರಕ್ಕೆ ಸಹಿ ಹಾಕುವ ಮುಂಚೆ: ಪೇಟೆಂಟ್ ಪ್ರಶ್ನಿಸುವ ಹಕ್ಕು ಉಳಿಸಿಕೊಳ್ಳುವುದು ಹೇಗೆ

ಪೀಣ್ಯದ ಪರಿಚಯದವರೊಬ್ಬರು ಒಂದು ದಿನ ನನ್ನ ಮುಂದೆ 14 ಪುಟಗಳ ಕಾಗದ ತಂದಿಟ್ಟರು. ಅವರದು ಸಣ್ಣ ಕಾರ್ಖಾನೆ. ಅಮೆರಿಕದ ಗಿರಾಕಿಯೊಬ್ಬರಿಗೆ ಯಂತ್ರದ ಬಿಡಿಭಾಗ ಮಾಡಿ ಕಳಿಸುತ್ತಾರೆ. ಅಲ್ಲಿನ ಒಂದು ಕಂಪನಿ ‘ಇದು ನಮ್ಮ ಪೇಟೆಂಟ್’ ಅಂತ ನೋಟಿಸ್ ಕೊಟ್ಟಿತ್ತು. ಆಮೇಲೆ ರಾಜಿಯ ಮಾತು ಬಂತು. “ಸಾರ್, ದುಡ್ಡಿನ ಲೆಕ್ಕ ಸರಿ ಇದೆ. ಸಹಿ ಹಾಕಿಬಿಡ್ಲಾ?” ಅಂತ ಕೇಳಿದರು.

ದುಡ್ಡಿನ ಲೆಕ್ಕ 3ನೇ ಪುಟದಲ್ಲಿತ್ತು. ಅವರು ಗಮನವಿಟ್ಟು ಓದಿದ್ದೂ ಅಲ್ಲಿಯವರೆಗೆ ಮಾತ್ರ. 9ನೇ ಪುಟದಲ್ಲಿ ನಾಲ್ಕು ಸಾಲಿನ ಒಂದು ಷರತ್ತಿತ್ತು. ಈ ಪೇಟೆಂಟ್ ಸಿಂಧುವಲ್ಲ ಅಂತ ಇನ್ನು ಮುಂದೆ ನೀವು ಎಲ್ಲೂ, ಯಾವತ್ತೂ ಹೇಳುವಂತಿಲ್ಲ ಎಂಬುದು ಅದರ ಅರ್ಥ. ಆ ಪೇಟೆಂಟ್‌ನಲ್ಲಿ ಹೇಳಿರುವ ಜೋಡಣೆಯನ್ನು ಅವರ ತಂದೆ ಎಷ್ಟೋ ವರ್ಷ ಮೊದಲೇ ಮಾಡಿ ಮಾರುತ್ತಿದ್ದರಂತೆ. ಬಿಲ್ಲುಗಳು ಕೂಡ ಅವರ ಮನೆಯ ಅಟ್ಟದಲ್ಲಿದ್ದವು.

ಪೇಟೆಂಟ್ ಸಿಕ್ಕಿತು ಅಂದ ಮಾತ್ರಕ್ಕೆ ಅದು ಗಟ್ಟಿ ಅಂತ ಅಲ್ಲ. ನಮ್ಮ ಪೇಟೆಂಟ್ ಕಾಯ್ದೆಯ 13ನೇ ಕಲಮಿನಲ್ಲೇ ಈ ಮಾತಿದೆ: ಕಚೇರಿ ಪರೀಕ್ಷೆ ಮಾಡಿದೆ ಎಂಬ ಕಾರಣಕ್ಕೆ ಪೇಟೆಂಟ್ ಸಿಂಧು ಅಂತ ಖಾತರಿ ಕೊಟ್ಟ ಹಾಗಲ್ಲ. ಹಾಗಾಗಿ ಆರೋಪ ಹೊತ್ತವರಿಗೆ ‘ಇದು ಹೊಸದೇ ಅಲ್ಲ, ಮೊದಲೇ ಇತ್ತು’ ಅನ್ನುವುದು ದೊಡ್ಡ ಅಸ್ತ್ರ. ರಾಜಿ ಪತ್ರದ ನಾಲ್ಕು ಸಾಲು ಆ ಅಸ್ತ್ರವನ್ನು ಕಿತ್ತುಕೊಳ್ಳಬಹುದು.

ರಾಜಿ ಬೇಡ ಅಂತ ನಾನು ಹೇಳುತ್ತಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರಲ್ಲ, ಪೇಟೆಂಟ್ ದಾವೆಗೆ ಆ ಮಾತು ಇನ್ನೂ ಜಾಸ್ತಿ ಒಪ್ಪುತ್ತದೆ. ಆದರೆ ಏನು ಕೊಟ್ಟು ಏನು ತಗೊಳ್ಳುತ್ತಿದ್ದೀರಿ ಅಂತ ಗೊತ್ತಿರಬೇಕು. ಈ ವಿಷಯದಲ್ಲಿ ಜಾಸ್ತಿ ತೀರ್ಪುಗಳು ಬಂದಿರುವುದು ಅಮೆರಿಕದಲ್ಲಿ. ಇಲ್ಲಿಂದ ಅಲ್ಲಿಗೆ ಮಾಲು ಕಳಿಸುವವರು ಸಹಿ ಹಾಕುವುದೂ ಸಾಮಾನ್ಯವಾಗಿ ಅಲ್ಲಿನ ಕಾನೂನಿನ ಪತ್ರಕ್ಕೇ. ಹಾಗಾಗಿ ಮೊದಲು ಅಲ್ಲಿಯದು, ಆಮೇಲೆ ನಮ್ಮದು.

ಹೆಜ್ಜೆ 1: ದಾವೆ ಹೂಡಿದ್ದಾರಾ, ಇನ್ನೂ ನೋಟಿಸಿನ ಹಂತವಾ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಒಂದೇ ಷರತ್ತು ದಾವೆಗೆ ಮುಂಚೆ ಬರೆದರೆ ಬಿದ್ದುಹೋಗಬಹುದು, ದಾವೆ ನಡೆದ ಮೇಲೆ ಬರೆದರೆ ನಿಲ್ಲಬಹುದು. ಯಾಕೆ ಅಂತ ತಿಳಿಯಲು ಮೂರು ಪ್ರಕರಣ ನೋಡಿದರೆ ಸಾಕು.

ಮೊದಲನೆಯದು 1969ರ ಲಿಯರ್ ವಿರುದ್ಧ ಆಡ್ಕಿನ್ಸ್. ಜಾನ್ ಆಡ್ಕಿನ್ಸ್ ವಿಮಾನಗಳಲ್ಲಿ ಬಳಸುವ ಗೈರೋಸ್ಕೋಪನ್ನು ಸುಧಾರಿಸಿದವರು. ಲಿಯರ್ ಕಂಪನಿ 1955ರಲ್ಲಿ ಅವರಿಂದ ಲೈಸೆನ್ಸ್ ಪಡೆಯಿತು. ಆಮೇಲೆ ರಾಯಲ್ಟಿ ಕೊಡುವುದನ್ನು ನಿಲ್ಲಿಸಿ, ಪೇಟೆಂಟೇ ಸರಿಯಿಲ್ಲ ಅಂದಿತು. ಅಲ್ಲಿಯ ತನಕ ಇದ್ದ ನಿಯಮದ ಪ್ರಕಾರ ಲೈಸೆನ್ಸ್ ಪಡೆದವರು ಹಾಗೆ ಹೇಳುವಂತಿರಲಿಲ್ಲ. ಒಬ್ಬರ ಉಪ್ಪು ತಿಂದು ಅವರ ಮೇಲೆಯೇ ಮಾತಾಡಬಾರದು ಅನ್ನುವ ಲೆಕ್ಕ. ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮವನ್ನು ಕಿತ್ತುಹಾಕಿತು. ಪೇಟೆಂಟನ್ನು ಪ್ರಶ್ನಿಸಲು ದುಡ್ಡಿನ ಕಾರಣ ಇರುವವರು ಎಷ್ಟೋ ಸಲ ಲೈಸೆನ್ಸ್ ಪಡೆದವರೊಬ್ಬರೇ. ಅವರ ಬಾಯಿ ಮುಚ್ಚಿಸಿದರೆ, ಹುರುಳಿಲ್ಲದ ಪೇಟೆಂಟ್‌ಗೂ ಜನ ಬೆಲೆ ಕಟ್ಟುತ್ತಲೇ ಇರಬೇಕಾಗುತ್ತದೆ. ಕೋರ್ಟಿನ ಕಾಳಜಿ ಇದಾಗಿತ್ತು. ನನಗೆ ಈ ತೀರ್ಪಿನ ಮೇಲೆ ಅಭಿಮಾನವಿದೆ, ಯಾಕಂದ್ರೆ ಅದು ಇಬ್ಬರ ಜಗಳದಲ್ಲಿ ಹೊರಗಿನ ಮೂರನೆಯವರನ್ನೂ ನೆನಪಿಟ್ಟುಕೊಂಡಿತು.

ಎರಡನೆಯದು ಫ್ಲೆಕ್ಸ್-ಫುಟ್. ಕಾರ್ಬನ್ ಫೈಬರಿನ ಕೃತಕ ಪಾದ ಮಾಡಿದ ಕಂಪನಿ ಅದು. ವ್ಯಾನ್ ಫಿಲಿಪ್ಸ್ ಎಂಬವರು ಅಪಘಾತವೊಂದರಲ್ಲಿ ಕಾಲು ಕಳೆದುಕೊಂಡ ಮೇಲೆ ಇದನ್ನು ಕಂಡುಹಿಡಿದರು. ನೆಲಕ್ಕೆ ಊರಿದಾಗ ಸ್ಪ್ರಿಂಗಿನ ಹಾಗೆ ಬಗ್ಗಿ ಮತ್ತೆ ಚಿಮ್ಮುವ ಪಾದ. ಸ್ಪ್ರಿಂಗ್‌ಲೈಟ್ ಎಂಬ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಕಂಪನಿ ಈ ಪೇಟೆಂಟನ್ನು ಕೋರ್ಟಿನಲ್ಲಿ ಪ್ರಶ್ನಿಸಿತು. ಎರಡೂ ಕಡೆಯವರಿಗೆ ದಾಖಲೆ ತರಿಸಿಕೊಂಡು ಪರಿಶೀಲಿಸಲು ಅವಕಾಶ ಸಿಕ್ಕಿತು. ಆಮೇಲೆ ರಾಜಿಯಾಯಿತು. ಇನ್ನು ಪೇಟೆಂಟನ್ನು ಪ್ರಶ್ನಿಸುವುದಿಲ್ಲ ಅಂತ ಸ್ಪ್ರಿಂಗ್‌ಲೈಟ್ ಸ್ಪಷ್ಟವಾಗಿ ಬರೆದುಕೊಟ್ಟಿತು. ಕೆಲ ವರ್ಷ ಕಳೆದು ಹೊಸ ಜಗಳ ಶುರುವಾದಾಗ ಲಿಯರ್ ತೀರ್ಪು ಹಿಡಿದುಕೊಂಡು ಮತ್ತೆ ಪ್ರಶ್ನಿಸಲು ಹೊರಟಿತು. 2001ರಲ್ಲಿ ಫೆಡರಲ್ ಸರ್ಕ್ಯೂಟ್ (ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಅಮೆರಿಕದ ಕೋರ್ಟ್) ಒಪ್ಪಲಿಲ್ಲ. ದಾವೆಯಲ್ಲಿ ಪ್ರಶ್ನಿಸಿದ್ದೀರಿ, ಸಾಕ್ಷ್ಯ ಹುಡುಕಲು ಅವಕಾಶವಿತ್ತು, ನೀವೇ ಒಪ್ಪಿ ದಾವೆ ಬಿಟ್ಟಿದ್ದೀರಿ, ಮಾತೂ ಸ್ಪಷ್ಟವಾಗಿದೆ. ಇಷ್ಟಾದ ಮೇಲೆ ಕೊಟ್ಟ ಮಾತಿಗೆ ನೀವು ಬದ್ಧರು ಅಂದಿತು.

ಮೂರನೆಯದು ಇದರ ತದ್ವಿರುದ್ಧ. ಫೋನ್ ಕರೆಯನ್ನು ಕಡಿಮೆ ಖರ್ಚಿನ ದಾರಿಯಲ್ಲಿ ಕಳಿಸುವ ವಿಧಾನಕ್ಕೆ ರೇಟ್ಸ್ ಟೆಕ್ನಾಲಜಿ ಎಂಬ ಕಂಪನಿಯ ಬಳಿ ಪೇಟೆಂಟ್ ಇತ್ತು. ಅದು ಸ್ಪೀಕ್‌ಈಸಿ ಎಂಬ ಇಂಟರ್‌ನೆಟ್ ಕಂಪನಿಗೆ ನೋಟಿಸ್ ಕೊಟ್ಟಿತು. ದಾವೆಗೆ ಮುಂಚೆಯೇ ರಾಜಿಯಾಯಿತು. ಸ್ಪೀಕ್‌ಈಸಿ 4,75,000 ಡಾಲರ್ ಕೊಟ್ಟಿತು, ಪ್ರಶ್ನಿಸುವುದಿಲ್ಲ ಅಂತಲೂ ಒಪ್ಪಿತು. ಮಾತು ಮುರಿದರೆ 1.2 ಕೋಟಿ ಡಾಲರ್ ದಂಡ! ಮುಂದೆ ಇನ್ನೊಂದು ಕಂಪನಿ ಅದೇ ಪೇಟೆಂಟನ್ನು ಪ್ರಶ್ನಿಸಿದಾಗ, ಅದಕ್ಕೆ ನೀವು ನೆರವಾದಿರಿ ಅಂತ ಸ್ಪೀಕ್‌ಈಸಿ ಮೇಲೆ ದಾವೆ ಬಿತ್ತು. 2012ರಲ್ಲಿ ನ್ಯೂಯಾರ್ಕಿನ ಎರಡನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಆ ಷರತ್ತು ಜಾರಿಗೆ ಯೋಗ್ಯವಲ್ಲ ಅಂದಿತು. ದಾವೆ ಹೂಡುವ ಮುಂಚೆ ಬರೆಸಿಕೊಂಡ ಇಂಥ ಮಾತಿಗೆ ಬೆಲೆ ಕೊಟ್ಟರೆ, ಎಲ್ಲ ಲೈಸೆನ್ಸಿಗೂ ‘ರಾಜಿ’ ಅಂತ ಹೆಸರಿಟ್ಟು ಲಿಯರ್ ತೀರ್ಪಿನಿಂದ ನುಣುಚಿಕೊಳ್ಳಬಹುದು ಅನ್ನುವುದು ಅದರ ಆತಂಕ.

ಈಗ ನೀವು ಮಾಡಬೇಕಾದ್ದು: ಒಂದು ಹಾಳೆ ತಗೊಳ್ಳಿ. ನೋಟಿಸ್ ಬಂದ ದಿನ, ದಾವೆ ಹೂಡಿದ ದಿನ, ಸಮನ್ಸ್ ನಿಮ್ಮ ಕೈಗೆ ಮುಟ್ಟಿದ ದಿನ, ಎದುರು ಪಕ್ಷದಿಂದ ದಾಖಲೆ ಕೇಳಿ ಪಡೆದ ದಿನ ಬರೆಯಿರಿ. ಯಾವ ಜಾಗ ಖಾಲಿ ಉಳಿಯಿತು ಅಂತ ನೋಡಿದರೆ ನೀವು ಯಾವ ಪ್ರಕರಣಕ್ಕೆ ಹತ್ತಿರ ಇದ್ದೀರಿ ಗೊತ್ತಾಗುತ್ತದೆ. ದಾವೆ ಹೂಡಿದ ಬೆನ್ನಲ್ಲೇ ರಾಜಿ ಪತ್ರ ಬಂದರೆ ಅದು ನಡುವಿನ ಜಾಗ. ಅಲ್ಲಿ ವಕೀಲರ ಜೊತೆ ಜಾಸ್ತಿ ಹೊತ್ತು ಕೂರಬೇಕು.

ಒಂದು ಎಚ್ಚರಿಕೆ. ‘ಹೇಗೂ ಈ ಷರತ್ತು ನಿಲ್ಲಲ್ಲ, ಸುಮ್ನೆ ಸಹಿ ಹಾಕೋಣ’ ಅಂತ ಮಾತ್ರ ಅಂದುಕೊಳ್ಳಬೇಡಿ. ನಿಲ್ಲುವುದಿಲ್ಲ ಅಂತ ಹೇಳಿಸಿಕೊಳ್ಳಲು ಸ್ಪೀಕ್‌ಈಸಿ ಮೇಲ್ಮನವಿ ಕೋರ್ಟಿನವರೆಗೂ ಹೋಗಬೇಕಾಯಿತು.

ಹೆಜ್ಜೆ 2: ಷರತ್ತನ್ನು ಹುಡುಕಿ, ಪದ ಪದ ಬಿಡಿಸಿ ಓದಿ

ಅದು ಯಾವಾಗಲೂ ತನ್ನದೇ ತಲೆಬರಹದ ಅಡಿ ಇರುವುದಿಲ್ಲ. ‘ಇತರೆ ನಿಬಂಧನೆಗಳು’, ‘ಪರಸ್ಪರ ಬಿಡುಗಡೆ’ ಇಂಥ ಕಡೆ ಕೂತಿರುತ್ತದೆ. ಕನ್ನಡಕ್ಕೆ ತಂದರೆ ಸುಮಾರಾಗಿ ಹೀಗಿರುತ್ತದೆ:

‘ಎರಡನೇ ಪಕ್ಷವು ಮತ್ತು ಅದರ ಅಂಗಸಂಸ್ಥೆಗಳು, ಸದರಿ ಪೇಟೆಂಟ್ ಹಾಗೂ ಅದಕ್ಕೆ ಸಂಬಂಧಿಸಿದ ಎಲ್ಲ ಪೇಟೆಂಟ್‌ಗಳ ಸಿಂಧುತ್ವವನ್ನು, ಯಾವುದೇ ಕೋರ್ಟ್ ಅಥವಾ ಕಚೇರಿಯ ಮುಂದೆ, ನೇರವಾಗಿ ಅಥವಾ ಪರೋಕ್ಷವಾಗಿ ಪ್ರಶ್ನಿಸತಕ್ಕದ್ದಲ್ಲ ಮತ್ತು ಪ್ರಶ್ನಿಸುವ ಇತರರಿಗೆ ನೆರವಾಗತಕ್ಕದ್ದಲ್ಲ.’

ಇದರಲ್ಲಿ ಐದು ಕೊಕ್ಕೆ ಇವೆ. ‘ಅಂಗಸಂಸ್ಥೆಗಳು’ ಅಂದರೆ ನಿಮ್ಮ ತಮ್ಮನ ಹೆಸರಿನಲ್ಲಿರುವ ಇನ್ನೊಂದು ಕಂಪನಿಯೂ ಒಳಗೆ ಬರಬಹುದು. ‘ಸಂಬಂಧಿಸಿದ ಎಲ್ಲ ಪೇಟೆಂಟ್‌ಗಳು’ ಅಂದರೆ ಇನ್ನೂ ಹುಟ್ಟದ ಪೇಟೆಂಟ್‌ಗಳೂ ಸೇರಬಹುದು. ಅಮೆರಿಕದಲ್ಲಿ ಒಂದು ಅರ್ಜಿಯಿಂದ ಕವಲೊಡೆದು ಮತ್ತೆ ಮತ್ತೆ ಹೊಸ ಪೇಟೆಂಟ್ ಪಡೆಯುವುದು ಮಾಮೂಲು. ‘ಕಚೇರಿ’ ಎಂಬ ಪದ ಕೋರ್ಟಿನ ಆಚೆಗಿನ ದಾರಿಯನ್ನೂ ಮುಚ್ಚುತ್ತದೆ. ‘ಪರೋಕ್ಷ’ ಮತ್ತು ‘ನೆರವು’ ಎರಡೂ ಸ್ಪೀಕ್‌ಈಸಿಯ ಕಥೆ ನೆನಪಿಸಬೇಕು: ಇನ್ನೊಬ್ಬರಿಗೆ ಒಂದು ಹಳೆಯ ಕಾಗದ ತೋರಿಸಿದರೂ ಜಗಳಕ್ಕೆ ದಾರಿ.

ಇನ್ನು ಸ್ಪಷ್ಟ ಮಾತೇ ಇಲ್ಲದಿದ್ದರೆ? 2010ರ ಬೇಸ್‌ಲೋಡ್ ಎನರ್ಜಿ ಪ್ರಕರಣ ಹೀಗೇ ಇತ್ತು. ಆಕಾಶದಲ್ಲಿ ಎತ್ತರಕ್ಕೆ ಹಾರಿಸಿ ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರದ ಪೇಟೆಂಟ್ ಅದು. ಪಕ್ಷಗಾರರ ನಡುವೆ ಹಿಂದೆ ಆದ ರಾಜಿಯಲ್ಲಿ ‘ಎಲ್ಲ ಹಕ್ಕು ಬಾಧ್ಯತೆಗಳಿಂದ ಬಿಡುಗಡೆ’ ಎಂಬ ಉದ್ದನೆಯ ಮಾತಿತ್ತು. ಪೇಟೆಂಟ್ ಪ್ರಶ್ನಿಸುವುದಿಲ್ಲ ಅಂತ ಬಿಡಿಸಿ ಹೇಳಿರಲಿಲ್ಲ. ಆ ಸಾಮಾನ್ಯ ಮಾತಿನಿಂದ ಹಕ್ಕು ಹೋಗುವುದಿಲ್ಲ ಅಂತ ಫೆಡರಲ್ ಸರ್ಕ್ಯೂಟ್ ಹೇಳಿತು. ಹಾಗಾಗಿ ಎದುರಿನವರು ಬರೆಯದಿದ್ದ ಷರತ್ತನ್ನು ನೀವಾಗಿ ಎತ್ತಿ ಬರೆಸಬೇಡಿ.

ಹೆಜ್ಜೆ 3: ರಾಜಿ ಕೋರ್ಟಿನ ಆದೇಶವಾಗುತ್ತದಾ ನೋಡಿ

ಇಬ್ಬರೇ ಸಹಿ ಮಾಡಿದ ಕರಾರು ಒಂದು ಬಗೆ. ಅದನ್ನೇ ನ್ಯಾಯಾಧೀಶರ ಮುಂದಿಟ್ಟು ಡಿಕ್ರಿ ಮಾಡಿಸುವುದು ಇನ್ನೊಂದು. ಎರಡನೆಯದರ ತೂಕ ಜಾಸ್ತಿ. ಟ್ರಕ್ಕಿನ ಚಲಿಸುವ ನೆಲದ ಬಗ್ಗೆ ಫಾಸ್ಟರ್ ಮತ್ತು ಹಾಲ್ಕೋ ನಡುವೆ ನಡೆದ ಜಗಳದಲ್ಲಿ, ‘ಪೇಟೆಂಟ್ ಸಿಂಧು’ ಅಂತ ಒಪ್ಪಿಗೆಯ ಡಿಕ್ರಿ ಆಗಿತ್ತು. 1991ರಲ್ಲಿ ಫೆಡರಲ್ ಸರ್ಕ್ಯೂಟ್ ಎರಡು ಮಾತು ಹೇಳಿತು. ಒಂದು, ಲಿಯರ್ ತೀರ್ಪು ಇದೆ ಅಂತ ಒಪ್ಪಿಗೆಯ ಡಿಕ್ರಿಯನ್ನು ಬದಿಗೆ ಸರಿಸಲಾಗದು. ಎರಡು, ಆ ಡಿಕ್ರಿ ಹಾಲ್ಕೋ ಆಮೇಲೆ ಮಾಡಿದ ಹೊಸ ಯಂತ್ರಕ್ಕೂ ಅಡ್ಡ ಬರುತ್ತದಾ ಅನ್ನುವುದು ಹೊಸ ಯಂತ್ರ ಹಳೆಯದರ ಹಾಗೆಯೇ ಇದೆಯಾ, ಮತ್ತು ಡಿಕ್ರಿಯಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ.

ಹಾಗಾಗಿ ಯಾವ ಮಾಡೆಲ್, ಯಾವ ಡ್ರಾಯಿಂಗ್ ನಂಬರ್ ಅಂತ ಆದೇಶದಲ್ಲೇ ಬರೆಸಿ. ಚಿತ್ರ ಲಗತ್ತಿಸಿದರೆ ಇನ್ನೂ ಒಳ್ಳೆಯದು. ದಾವೆ ವಜಾ ಮಾಡುವಾಗ ‘ವಿತ್ ಪ್ರೆಜುಡಿಸ್’ ಎಂಬ ಎರಡು ಪದ ಇವೆಯಾ ನೋಡಿ. ಇದ್ದರೆ ಅದೇ ತಕರಾರನ್ನು ಮತ್ತೆ ಎತ್ತುವುದು ಕಷ್ಟ.

ಹೆಜ್ಜೆ 4: ಪೇಟೆಂಟ್ ಕಚೇರಿಯ ದಾರಿ ತೆರೆದಿದೆಯಾ?

ಅಮೆರಿಕದಲ್ಲಿ ಕೋರ್ಟಿಗೆ ಹೋಗದೆ ಪೇಟೆಂಟ್ ಕಚೇರಿಯಲ್ಲೇ ಪ್ರಶ್ನಿಸುವ ದಾರಿ 2012ರಿಂದ ಇದೆ. ಐಪಿಆರ್ (ಇಂಟರ್ ಪಾರ್ಟೀಸ್ ರಿವ್ಯೂ) ಅಂತ ಕರೆಯುತ್ತಾರೆ. ದಾವೆಗಿಂತ ಖರ್ಚು ಕಡಿಮೆ. ಇದು ಎರಡು ಕಡೆಯಿಂದ ಮುಚ್ಚಿಹೋಗಬಹುದು, ಎರಡರಲ್ಲೂ ‘ಸಿಂಧುತ್ವ’ ಎಂಬ ಪದವೇ ಇರುವುದಿಲ್ಲ.

ಒಂದು, ಗಡುವು. ಪೇಟೆಂಟ್ ಉಲ್ಲಂಘನೆಯ ದಾವೆಯ ಪ್ರತಿ ನಿಮಗೆ ತಲುಪಿದ ಮೇಲೆ 1 ವರ್ಷದ ಒಳಗೆ ಐಪಿಆರ್ ಅರ್ಜಿ ಹಾಕಬೇಕು. ರಾಜಿಯಾಗಿ ದಾವೆ ಮುಗಿದರೂ ಆ ಗಡಿಯಾರ ಹಿಂದಕ್ಕೆ ತಿರುಗುತ್ತದೆ ಅಂತ ನಂಬಬೇಡಿ. ಐದು ವರ್ಷ ಬಿಟ್ಟು ಅದೇ ಪೇಟೆಂಟಿನ ಮೇಲೆ ಹೊಸ ಜಗಳ ಬಂದರೆ ಈ ದಾರಿ ಆಗಲೇ ಮುಚ್ಚಿರುತ್ತದೆ.

ಎರಡು, ‘ವಿವಾದ ಇಂಥ ಊರಿನ ಕೋರ್ಟಿನಲ್ಲೇ’ ಎಂಬ ಷರತ್ತು. ಎಲ್ಲ ಕರಾರಿನ ಕೊನೆಯಲ್ಲೂ ಇರುತ್ತದೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ವಾ? ನಿಪ್ಪಾನ್ ಶಿನ್ಯಾಕು ಮತ್ತು ಸರೆಪ್ಟಾ ಎಂಬ ಔಷಧ ಕಂಪನಿಗಳ ನಡುವಿನ ಒಪ್ಪಂದದಲ್ಲಿ ಪೇಟೆಂಟ್ ವಿವಾದಗಳೆಲ್ಲ ಡೆಲವೇರ್ ಕೋರ್ಟಿನಲ್ಲಿ ಅಂತ ಇತ್ತು. ಸರೆಪ್ಟಾ ಪೇಟೆಂಟ್ ಕಚೇರಿಯಲ್ಲಿ 7 ಐಪಿಆರ್ ಅರ್ಜಿ ಹಾಕಿತು. 2022ರಲ್ಲಿ ಫೆಡರಲ್ ಸರ್ಕ್ಯೂಟ್ ಅದು ಒಪ್ಪಂದಕ್ಕೆ ವಿರುದ್ಧ ಅಂದು ನಿಪ್ಪಾನ್ ಪರ ನಿಂತಿತು. ಐಪಿಆರ್ ದಾರಿ ಬೇಕು ಅಂದರೆ ‘ಪೇಟೆಂಟ್ ಕಚೇರಿಯ ಮುಂದಿನ ಅರ್ಜಿಗಳಿಗೆ ಈ ಷರತ್ತು ಅನ್ವಯಿಸುವುದಿಲ್ಲ’ ಅಂತ ಒಂದು ಸಾಲು ಸೇರಿಸಬೇಕು.

ಆಗಲೇ ಐಪಿಆರ್ ನಡೆಯುತ್ತಿದ್ದಾಗ ರಾಜಿಯಾದರೆ, ಆ ರಾಜಿ ಲಿಖಿತವಾಗಿರಬೇಕು, ಕಚೇರಿಗೆ ಸಲ್ಲಿಸಲೂಬೇಕು. ಗುಟ್ಟಾಗಿಡಿ ಅಂತ ಕೇಳಿಕೊಳ್ಳಬಹುದು. ಇನ್ನೊಂದು ಪಾಠ ಆಪಲ್‌ನಿಂದ. ಕ್ವಾಲ್‌ಕಾಮ್ ಜೊತೆ 2019ರಲ್ಲಿ ದೊಡ್ಡ ರಾಜಿ ಮಾಡಿಕೊಂಡ ಮೇಲೂ ಎರಡು ಪೇಟೆಂಟ್‌ಗಳ ಬಗ್ಗೆ ಮೇಲ್ಮನವಿ ಮುಂದುವರಿಸಿತು. ಸಾವಿರಾರು ಪೇಟೆಂಟ್‌ಗಳಿಗೆ ಒಟ್ಟಿಗೆ ಲೈಸೆನ್ಸ್ ಪಡೆದಿದ್ದೀರಿ, ಈ ಎರಡು ಬಿದ್ದರೂ ನೀವು ಕೊಡುವ ಹಣ ಕಡಿಮೆಯಾಗುತ್ತದೆ ಅಂತ ತೋರಿಸಿಲ್ಲ ಅಂತ 2021ರಲ್ಲಿ ಕೋರ್ಟ್ ಆ ಮೇಲ್ಮನವಿಯನ್ನೇ ಕೇಳಲಿಲ್ಲ. ಪ್ರಶ್ನಿಸುವ ಹಕ್ಕು ಕಾಗದದ ಮೇಲೆ ಉಳಿದರೆ ಸಾಲದು, ಪೇಟೆಂಟ್ ಬಿದ್ದರೆ ರಾಯಲ್ಟಿ ಇಷ್ಟು ಇಳಿಯುತ್ತದೆ ಅಂತಲೂ ಬರೆದಿರಬೇಕು.

ಹೆಜ್ಜೆ 5: ಏನು ಕೇಳಬೇಕು

ಷರತ್ತು ಪೂರ್ತಿ ತೆಗೆಯಿರಿ ಅಂದರೆ ಎದುರಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ರಾಜಿಯಲ್ಲಿ ಅವರಿಗೆ ಬೇಕಾದ್ದೇ ಅದು. ಆದರೆ ಕಿರಿದು ಮಾಡಲು ಒಪ್ಪುವವರು ಬಹಳ ಜನ. ನಾನು ಕೇಳುವುದು ಹೀಗೆ. ಪೇಟೆಂಟ್ ನಂಬರ್ ಹೆಸರಿಸಿ, ‘ಸಂಬಂಧಿಸಿದ ಎಲ್ಲ’ ಬೇಡ. ಈ ಮಾಡೆಲ್‌ಗಳ ಮಟ್ಟಿಗೆ ಮಾತ್ರ. ಲೈಸೆನ್ಸ್ ಇರುವ ತನಕ ಮಾತ್ರ. ಅವರು ಹೊಸ ಮಾಲಿನ ಮೇಲೆ ಮತ್ತೆ ದಾವೆ ಹೂಡಿದರೆ ನಮ್ಮ ಬಾಯಿಯೂ ಬಿಚ್ಚಬೇಕು. ಕೋರ್ಟ್ ಸಮನ್ಸ್ ಕೊಟ್ಟು ಸಾಕ್ಷಿ ಕೇಳಿದರೆ ಹೇಳುವುದು ಕರಾರು ಮುರಿದ ಹಾಗಲ್ಲ. ಬೇರೆ ಯಾರೋ ಪ್ರಶ್ನಿಸಿ ಪೇಟೆಂಟ್ ಬಿದ್ದುಹೋದರೆ ಅಂದಿನಿಂದ ರಾಯಲ್ಟಿ ನಿಲ್ಲಬೇಕು.

ಇದರಲ್ಲಿ ಒಂದೇ ಸಿಗುತ್ತದೆ ಅಂದರೆ ನಾಲ್ಕನೆಯದನ್ನು ಹಿಡಿಯಿರಿ. ಅವರು ಮತ್ತೆ ಹೊಡೆಯಲು ಬಂದಾಗ ಕೈಯಲ್ಲಿ ಏನೂ ಇಲ್ಲದಿರುವುದೇ ದೊಡ್ಡ ಕಷ್ಟ.

ಅವರು ‘ಪ್ರಶ್ನಿಸಿದರೆ ಲೈಸೆನ್ಸ್ ರದ್ದು’ ಎಂಬ ಬದಲಿ ಷರತ್ತು ಕೊಡಬಹುದು. ಪೂರ್ತಿ ನಿಷೇಧಕ್ಕಿಂತ ಅದು ವಾಸಿ. ಆಯ್ಕೆ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಷರತ್ತೇ ಇಲ್ಲದ ಲೈಸೆನ್ಸ್ ಆದರೆ, ರಾಯಲ್ಟಿ ಕಟ್ಟುತ್ತಲೇ ಪ್ರಶ್ನಿಸಬಹುದು ಅಂತ 2007ರ ಮೆಡ್‌ಇಮ್ಯೂನ್ ವಿರುದ್ಧ ಜೆನೆಂಟೆಕ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಲೈಸೆನ್ಸ್ ಪಡೆದಿದ್ದ ಮೆಡ್‌ಇಮ್ಯೂನ್ ‘ಆಕ್ಷೇಪ ಇಟ್ಟುಕೊಂಡೇ ಕಟ್ಟುತ್ತಿದ್ದೇವೆ’ ಅಂತ ಬರೆದು ಹಣ ಕಟ್ಟಿತ್ತು. ಹಾಗೆ ಬರೆಯುವ ಅಭ್ಯಾಸ ಒಳ್ಳೆಯದು. ಪೇಟೆಂಟ್ ಅವಧಿ ಮುಗಿದ ಮೇಲೂ ರಾಯಲ್ಟಿ ಅಂತ ಬರೆದಿದ್ದರೆ ಅದೂ ನಿಲ್ಲುವುದಿಲ್ಲ. ಸ್ಪೈಡರ್‌ಮ್ಯಾನ್ ಬಲೆ ಎರಚುವ ಆಟಿಕೆಯ ಪೇಟೆಂಟ್ ಬಗ್ಗೆ ಕಿಂಬಲ್ ಮತ್ತು ಮಾರ್ವೆಲ್ ನಡುವೆ ಆದ ರಾಜಿಯಲ್ಲಿ 3% ರಾಯಲ್ಟಿಗೆ ಕೊನೆಯ ದಿನವೇ ಇರಲಿಲ್ಲ. ಪೇಟೆಂಟ್ 2010ರಲ್ಲಿ ಮುಗಿಯಿತು. ಅದರಾಚೆಯ ಹಣ ಸಿಗದು ಅಂತ 2015ರಲ್ಲಿ ತೀರ್ಪಾಯಿತು.

ಹೆಜ್ಜೆ 6: ಭಾರತದ ಪೇಟೆಂಟ್ ಆದರೆ 140ನೇ ಕಲಂ ತೆರೆಯಿರಿ

ಇಲ್ಲಿ ನಮ್ಮ ಕಾನೂನು ಅಮೆರಿಕಕ್ಕಿಂತ ನೇರ. 1970ರ ಪೇಟೆಂಟ್ ಕಾಯ್ದೆಯ 140ನೇ ಕಲಂ ಕೆಲವು ಷರತ್ತುಗಳನ್ನು ಹೆಸರಿಸಿ ಶೂನ್ಯ ಅನ್ನುತ್ತದೆ. 2002ರ ತಿದ್ದುಪಡಿ ಆ ಪಟ್ಟಿಗೆ ಪೇಟೆಂಟ್ ಸಿಂಧುತ್ವ ಪ್ರಶ್ನಿಸದಂತೆ ತಡೆಯುವ ಷರತ್ತನ್ನೂ ಸೇರಿಸಿತು. ಪೇಟೆಂಟ್ ಇರುವ ವಸ್ತುವಿನ ಮಾರಾಟ ಅಥವಾ ಗುತ್ತಿಗೆಯ ಕರಾರಿಗೆ, ವಸ್ತು ತಯಾರಿಸುವ ಅಥವಾ ಬಳಸುವ ಲೈಸೆನ್ಸಿಗೆ, ವಿಧಾನ ಬಳಸುವ ಲೈಸೆನ್ಸಿಗೆ ಇದು ಅನ್ವಯ. ಅಷ್ಟೇ ಅಲ್ಲ, ಇಂಥ ಷರತ್ತಿರುವ ಕರಾರು ಜಾರಿಯಲ್ಲಿದ್ದಾಗ ನಿಮ್ಮ ಮೇಲೆ ಉಲ್ಲಂಘನೆಯ ದಾವೆ ಬಂದರೆ, ಆ ಷರತ್ತು ಇತ್ತು ಎಂಬುದೇ ನಿಮಗೊಂದು ರಕ್ಷಣೆ. 2002ರಲ್ಲಿ ಸೇರಿದ ಈ ಮಾತಿನ ಮೂಲ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 40ನೇ ವಿಧಿ. ಅಲ್ಲಿ ಇದು ದೇಶಗಳು ತಡೆಯಬಹುದಾದ ಷರತ್ತುಗಳ ಉದಾಹರಣೆಯಾಗಿ ಬರುತ್ತದೆ. ನಮ್ಮವರು ಅದನ್ನು ಕಾಯ್ದೆಯಲ್ಲೇ ಬರೆದುಕೊಂಡರು.

ಹಾಗಂತ ಪೂರ್ತಿ ನಿರಾಳವಾಗಬೇಡಿ. ರಾಜಿ ಪತ್ರದಲ್ಲಿ ಲೈಸೆನ್ಸ್ ಇದ್ದರೆ 140 ನೇರವಾಗಿ ಕೈಗೆ ಬರುತ್ತದೆ. ಲೈಸೆನ್ಸ್ ಇಲ್ಲದೆ, ‘ನಾವು ತಯಾರಿಕೆ ನಿಲ್ಲಿಸುತ್ತೇವೆ, ಪ್ರಶ್ನಿಸುವುದೂ ಇಲ್ಲ’ ಅಂತ ಮಾತ್ರ ಇದ್ದರೆ ವಾದಕ್ಕೆ ಜಾಗವಿದೆ. ರಾಜಿ ಡಿಕ್ರಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶ ಬರುತ್ತದೆ. ಅದರ 3ನೇ ನಿಯಮದ ಪ್ರಕಾರ ರಾಜಿ ಕಾನೂನುಬದ್ಧ ಅಂತ ಕೋರ್ಟಿಗೆ ಮನವರಿಕೆಯಾಗಬೇಕು. 3ಎ ನಿಯಮದ ಪ್ರಕಾರ ರಾಜಿ ಕಾನೂನುಬದ್ಧವಲ್ಲ ಎಂದು ಡಿಕ್ರಿ ತೆಗೆಸಲು ಬೇರೆ ದಾವೆ ಹೂಡುವಂತಿಲ್ಲ. ಹಾಗಾಗಿ ತಕರಾರಿದ್ದರೆ ಡಿಕ್ರಿ ಆಗುವ ಮುಂಚೆಯೇ ಎತ್ತುವುದು ಕ್ಷೇಮ.

ನೀವು ಪ್ರತಿದಾವೆಯಲ್ಲಿ ಪೇಟೆಂಟ್ ರದ್ದು ಕೇಳಿದ್ದು, ರಾಜಿಗಾಗಿ ಅದನ್ನು ಹಿಂತೆಗೆದುಕೊಳ್ಳುತ್ತಿದ್ದರೆ, ಮತ್ತೆ ಹೂಡಲು ಕೋರ್ಟಿನ ಅನುಮತಿ ಕೇಳಿ ಪಡೆಯಿರಿ. ರದ್ದತಿಗೆ ಹಲವು ದಾರಿ ಇವೆ ಅಂತ ಒಂದರ ಮೇಲೊಂದು ಹಿಡಿಯಲಾಗದು ಅಂತ 2014ರಲ್ಲಿ ಅಲಾಯ್ಸ್ ವೊಬ್ಬೆನ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಗಾಳಿಯಂತ್ರಗಳ ಪೇಟೆಂಟ್ ಬಗ್ಗೆ ನಡೆದ ಜಗಳ ಅದು. ಪ್ರತಿದಾವೆಯೋ ಪ್ರತ್ಯೇಕ ಅರ್ಜಿಯೋ, ಒಂದನ್ನೇ ಆರಿಸಬೇಕು.

ಹೆಜ್ಜೆ 7: ಸಹಿಗೆ ಮುಂಚೆ ಪುರಾವೆ ಎತ್ತಿಡಿ

ಹಳೆಯ ಬಿಲ್ಲು, ಕ್ಯಾಟಲಾಗ್, ಡ್ರಾಯಿಂಗ್, ಗಿರಾಕಿಯ ಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ. ಮೂಲ ಪ್ರತಿ ಬಿಸಾಡಬೇಡಿ. ತಾರೀಕು ಕಾಣುವ ಕಾಗದಕ್ಕೆ ಬೆಲೆ ಜಾಸ್ತಿ. ಇವು ನಿಮ್ಮ ಬಳಿ ಇವೆ ಅಂತ ಎದುರಿನವರಿಗೆ ಗೊತ್ತಾದರೆ ಚೌಕಾಸಿಯ ದನಿಯೇ ಬದಲಾಗುತ್ತದೆ. ಇದನ್ನೆಲ್ಲ ಕೊನೆಗೆ ಆ ದೇಶದ ವಕೀಲರಿಗೆ ತೋರಿಸಿಯೇ ಸಹಿ ಹಾಕಿ.

ಪೀಣ್ಯದವರು ಅಟ್ಟ ಹತ್ತಿ ಬಿಲ್ ಪುಸ್ತಕ ಇಳಿಸಿದರು. ಗೆದ್ದಲು ಅಂಚು ತಿಂದಿತ್ತು, ತಾರೀಕು ಉಳಿದಿತ್ತು. ನಾಲ್ಕು ಬಿಲ್ಲಿನ ಪ್ರತಿಯನ್ನು ಅವರ ವಕೀಲರು ಅಮೆರಿಕಕ್ಕೆ ಕಳಿಸಿದರು. ಮೂರು ವಾರದ ನಂತರ ಹೊಸ ಕರಡು ಬಂತು. 9ನೇ ಪುಟದ ಷರತ್ತು ಪೂರ್ತಿ ಹೋಗಿರಲಿಲ್ಲ. ಆದರೆ ‘ಈ ಎರಡು ಬಿಡಿಭಾಗಗಳ ಮಟ್ಟಿಗೆ, ಲೈಸೆನ್ಸ್ ಚಾಲ್ತಿಯಲ್ಲಿರುವ ತನಕ’ ಎಂಬ ಮಾತು ಸೇರಿತ್ತು. 3ನೇ ಪುಟದ ಮೊತ್ತವೂ ಇಳಿದಿತ್ತು. ಅವತ್ತು ಅವರು ಸಹಿ ಹಾಕಿದರು. ಬಿಲ್ ಪುಸ್ತಕ ಈಗ ಅಟ್ಟದಲ್ಲಿಲ್ಲ, ಆಫೀಸಿನ ಬೀರುವಿನಲ್ಲಿದೆ.